ಹೊಳೆಯಾಚೆಯ ಗಹಾಣ

ಜುಗೂಳವು ಕೃಷ್ಣೆಯ ದಂಡೆಯ ಮೇಲಿನ ಊರು. ಈಚೆಯ ದಂಡೆಯು ಬೆಳಗಾವಿ ಜಿಲ್ಹೆಯ ಕಾಗವಾಡ ತಾಲೂಕಿಗೆ ಸೇರಿದ್ದು; ಆಚೆಯ ದಂಡೆಯ ಮೇಲೆ ಕೊಲ್ಲಾಪುರ ಜಿಲ್ಹೆಯ ಶಿರೋಳ ತಾಲೂಕಿನ ಖಿದ್ರಾಪುರವಿದೆ. ಅಲ್ಲಿಯ ಕೋಪೇಶ್ವರನ ಗುಡಿಯನ್ನು ನೋಡಲು ದೂರದೂರದವರು ಬರುತ್ತಾರೆ. ಆ ಗುಡಿಯ ಶಾಸನಗಳಲ್ಲಿ ಹೆಚ್ಚಿನವು ಹಳಗನ್ನಡದವು; ದೇವಗಿರಿಯ ಯಾದವ ಸಿಂಘಣನ ಕಾಲದ ಸಂಸ್ಕೃತ ಶಾಸನವೊಂದು ನಾಗರಿ ಲಿಪಿಯಲ್ಲಿದೆ. ದತ್ತಿಯ ಭೂಮಿ ಯಾವದು, ಕೊಟ್ಟವನಾರು ಎಂಬುದನ್ನು ಆ ಕಾಲದವರು ಕಲ್ಲಿನಲ್ಲಿ ಕೊರೆಯಿಸಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತಿದ್ದರು. ಇಂದು ಭೂಮಿಯ ಹಕ್ಕು ಕಾಗದದಲ್ಲಿದೆ, ಕಾಗದವು ಕಪಾಟಿನಲ್ಲಿದೆ, ಕಪಾಟಿನ ಕೀಲಿಯು ಅನೇಕ ಸಲ ಭೂಮಿಯ ಒಡೆಯನ ಕೈಯಲ್ಲಿಲ್ಲ.

ಈ ಸೀಮೆಯ ಬದುಕು ಹದ್ದನ್ನು ಕೇಳಿ ನಡೆಯುವದಿಲ್ಲ. ರೋಗಿಯನ್ನು ಮಿರಜೆಯ ಆಸ್ಪತ್ರೆಗೆ ಒಯ್ಯುತ್ತಾರೆ. ಬೆಲ್ಲವು ಕೊಲ್ಲಾಪುರದ ಪೇಟೆಯ ಧಾರಣೆಯನ್ನು ನೋಡುತ್ತದೆ. ಮಗ್ಗದ ಕೆಲಸವೆಂದರೆ ಇಚಲಕರಂಜಿಯ ಹೆಸರು ಬರುತ್ತದೆ. ಕಬ್ಬು ಉಗಾರದ ಕಾರಖಾನೆಗೂ ಹೋಗುವದು, ಹೊಳೆಯಾಚೆಯ ಕಾರಖಾನೆಗೂ ಹೋಗುವದು. ಹೆಣ್ಣು ಕೊಟ್ಟು ತರುವ ನಂಟಸ್ತನವಂತೂ ಎರಡೂ ದಂಡೆಗಳಲ್ಲಿ ಬೇರುಬಿಟ್ಟಿದೆ. ಇಷ್ಟೆಲ್ಲ ಹೊಳೆ ದಾಟುವಾಗ ಸಾಲವೊಂದೇ ಈಚೆಯ ದಂಡೆಯಲ್ಲಿ ಕುಳಿತಿರುವದೆಂದು ಎಣಿಸುವದು ಸರಿಯಲ್ಲ. ಸಾಲವೂ ದಾಟುತ್ತದೆ. ದಾಟಲಾರದ ವಸ್ತು ಒಂದೇ, ಅದು ಹೊಲ.

ಸಾಲಕ್ಕೆ ಆಧಾರವಾಗಿ ಹೊಲಮನೆಗಳನ್ನು ಕೊಡುವದಕ್ಕೆ ಈ ಕಡೆ ಗಹಾಣವೆನ್ನುತ್ತಾರೆ. ಒತ್ತೆ, ಅಡವು ಎಂಬ ಮಾತುಗಳೂ ಉಂಟು. ಗಹಾಣದ ಸಾಲವು ಉತಾರದಲ್ಲಿ ದಾಖಲಾದರೆ ‘ಬೋಜಾ ಕೂತಿತು’ ಎಂದು ಹೇಳುವರು. ಎಂಥ ತೂಕದ ಮಾತು! ಪಹಣಿಯ ಒಂದು ಸಾಲಿನಲ್ಲಿ ನಾಲ್ಕಕ್ಷರ ಬಿದ್ದರೆ ಮನೆಯ ಹಿರಿಯನ ಹೆಗಲಿಗೆ ಭಾರವಾಗುವದನ್ನು ಈ ಒಂದು ಶಬ್ದವು ಹೇಳಿಬಿಡುತ್ತದೆ.

ಗಹಾಣದಲ್ಲಿ ಸಾಲಗಾರನು ವಿಶ್ವಾಸಕ್ಕೆ ಯೋಗ್ಯನೋ ಅಲ್ಲವೋ ಎಂಬುದನ್ನು ಬ್ಯಾಂಕು ನೂರು ಬಗೆಯಿಂದ ಪರೀಕ್ಷಿಸುತ್ತದೆ. ಆದರೆ ವಿಶ್ವಾಸವು ಎರಡೂ ಕಡೆಯಿಂದ ಬೇಕಾಗುತ್ತದೆಂಬುದು ಅಷ್ಟಾಗಿ ಯಾರ ಲಕ್ಷ್ಯಕ್ಕೂ ಬರುವದಿಲ್ಲ. ಸಾಲಗಾರನು ತನ್ನ ಮೂಲ ಖರೇದಿಪತ್ರವನ್ನು ಕೊಟ್ಟು ಬರುತ್ತಾನೆ. ೧೮೮೨ರ ಆಸ್ತಿ ಹಸ್ತಾಂತರ ಕಾಯಿದೆಯ ೫೮ನೆಯ ಕಲಮಿನಂತೆ, ಕಾಯಿದೆಯಲ್ಲಿ ಹೆಸರಿಸಿದ ಅಥವಾ ಸರಕಾರವು ಸಾರಿದ ಪಟ್ಟಣಗಳಲ್ಲಿ, ಸಾಲಕ್ಕೆ ಆಧಾರವಾಗಲೆಂಬ ಉದ್ದೇಶದಿಂದ ಹಕ್ಕುಪತ್ರಗಳನ್ನು ಒಪ್ಪಿಸಿದರೆ ಅಷ್ಟರಿಂದಲೇ ಗಹಾಣವು ಹುಟ್ಟುತ್ತದೆ. ಪತ್ರವನ್ನು ಒಪ್ಪಿಸುವದು ಆ ಪಟ್ಟಣದಲ್ಲಾದರೆ ಸಾಕು, ಭೂಮಿಯು ಬೇರೆಲ್ಲಿದ್ದರೂ ನಡೆಯುವದು. ಹೀಗೆ ಜುಗೂಳದ ಮನೆಯು ತಾನಿದ್ದಲ್ಲಿಯೇ ಇದ್ದುಕೊಂಡು ದೂರದ ಪಟ್ಟಣವೊಂದರ ತಿಜೋರಿಯಲ್ಲಿ ಕಟ್ಟುಬೀಳಬಹುದು. ೨೦೦೫, ೨೦೧೯, ೨೦೨೧ರ ಮಹಾಪೂರಗಳನ್ನು ಕಂಡ ಈ ದಂಡೆಯ ಕುಟುಂಬಗಳಿಗೆ ಕಾಗದವು ಬ್ಯಾಂಕಿನಲ್ಲಿದ್ದರೆ ಒಂದು ಬಗೆಯ ಸಮಾಧಾನವೂ ಆಗುವದುಂಟು. ನೀರು ನುಗ್ಗುವ ಮನೆಗಿಂತ ಪಟ್ಟಣದ ತಿಜೋರಿಯು ಭದ್ರವೆಂದು ಅವರು ತಿಳಿದರೆ ತಪ್ಪೇನು?

ಪರಹದ್ದಿನ ಸಾಹುಕಾರನನ್ನು ಜವಾಬು ಕೇಳುವದು ಹೇಗೆಂಬ ಪ್ರಶ್ನೆಯು ಬ್ಯಾಂಕುಗಳಿಗಿಂತ ಹಳೆಯದು. ೧೮೭೫ರ ಮೇ ತಿಂಗಳಲ್ಲಿ ಪುಣೆ ಜಿಲ್ಹೆಯ ಸುಪೆ ಎಂಬ ಊರಿನ ಸಂತೆಯಲ್ಲಿ ಒಕ್ಕಲಿಗರು ಸಾಹುಕಾರರ ಮೇಲೆ ಎದ್ದು ಅವರ ಕಾಗದಪತ್ರಗಳನ್ನು ಸುಟ್ಟರು. ದಂಗೆಯು ಪುಣೆ ಅಹಮದನಗರಗಳ ಎಷ್ಟೋ ಹಳ್ಳಿಗಳಿಗೆ ಹಬ್ಬಿತು. ಅವರ ಕೋಪವು ಮುಖ್ಯವಾಗಿ ತಿರುಗಿದ್ದು ಕಾಗದದ ಮೇಲೆ ಎಂಬುದನ್ನು ಗಮನಿಸಬೇಕು. ಓದಲು ಬಾರದವನಿಗೆ ತನ್ನ ಕೈಗುರುತಿನ ಕಾಗದವೇ ವೈರಿಯಾಗಿತ್ತು. ಅದರ ಫಲವಾಗಿ ೧೮೭೯ರಲ್ಲಿ ದಖ್ಖನ್ನಿನ ಒಕ್ಕಲಿಗರ ಪರಿಹಾರದ ಕಾಯಿದೆಯು ಬಂದಿತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಹೆಗಳಿಗೆ ಇದ್ದ ಆ ಕಾಯಿದೆಯ ಬಹುಭಾಗವನ್ನು ೧೯೦೫ರಲ್ಲಿ ಮುಂಬಯಿ ಇಲಾಖೆಯ ಉಳಿದ ಜಿಲ್ಹೆಗಳಿಗೂ ಹಬ್ಬಿಸಿದರು.

ಆ ಕಾಯಿದೆಯ ಒಂದು ಕಲಮು ಇಂದಿಗೂ ನೆನೆಯತಕ್ಕದ್ದಾಗಿದೆ. ಸಾಹುಕಾರನು ಕೋರ್ಟಿನಲ್ಲಿ ಪತ್ರವನ್ನು ಮುಂದೆ ಹಿಡಿದನೆಂದರೆ ನ್ಯಾಯಾಧೀಶನು ಅದರಲ್ಲಿ ಬರೆದ ರಕಮನ್ನೇ ಸತ್ಯವೆಂದು ಹಿಡಿಯಬೇಕಾಗಿರಲಿಲ್ಲ. ವ್ಯವಹಾರವು ಮೊದಲಾದ ದಿನದಿಂದ ಅದರ ಇತಿಹಾಸವನ್ನು ಕೆದಕಿ, ಅಸಲೆಷ್ಟು ಬಡ್ಡಿಯೆಷ್ಟು ಎಂದು ಬೇರೆಬೇರೆಯಾಗಿ ಲೆಕ್ಕಮಾಡಬೇಕಾಗಿತ್ತು. ಒಕ್ಕಲಿಗನು ತಾನಾಗಿ ಕೋರ್ಟಿಗೆ ಹೋಗಿ ‘ಲೆಕ್ಕ ತೆಗೆಯಿಸಿರಿ’ ಎಂದು ದಾವೆ ಹೂಡಲಿಕ್ಕೂ ಅವಕಾಶವಿತ್ತು. ಸಾಲಗಾರನೆಂದರೆ ಲೆಕ್ಕ ಒಪ್ಪಿಸತಕ್ಕವನು ಎಂಬ ಭಾವನೆಯನ್ನು ತಿರುಗಿಸಿ, ಲೆಕ್ಕವನ್ನು ಕೊಡತಕ್ಕವನು ಸಾಹುಕಾರನೆಂದು ಹೇಳಿದ್ದರಲ್ಲಿ ಆ ಕಾಯಿದೆಯ ಸತ್ವವಿದೆ. ಅದರಿಂದ ಸಾಲ ಹುಟ್ಟುವದೇ ಕಠಿಣವಾಯಿತೆಂಬ ಆಕ್ಷೇಪವು ಆಗ ಇತ್ತು; ಅದರಲ್ಲಿ ಹುರುಳಿಲ್ಲವೆಂದು ಹೇಳಲಾಗದು. ೧೯೩೯ರ ಹಾಗೂ ೧೯೪೭ರ ಮುಂಬಯಿ ಕೃಷಿ ಸಾಲಗಾರರ ಪರಿಹಾರ ಕಾಯಿದೆಗಳು ಮುಂದೆ ಅದರ ಸ್ಥಾನಕ್ಕೆ ಬಂದವು.

ಆದರೆ ಕಾಯಿದೆಗೂ ಹದ್ದು ಉಂಟು. ಆಗಿನ ಈ ಸೀಮೆಯ ನಕಾಶೆಯು ಚಿಂದಿಗಳನ್ನು ಕೂಡಿಸಿ ಹೊಲಿದ ಕೌದಿಯಂತಿತ್ತು. ಬ್ರಿಟಿಶ ಹದ್ದಿನ ಹಳ್ಳಿಯ ಮಗ್ಗುಲಲ್ಲಿಯೇ ಕೊಲ್ಲಾಪುರದ ಹಳ್ಳಿ, ಅದರಾಚೆ ಸಾಂಗಲಿಯದು, ಮಿರಜೆಯದು, ಕುರುಂದವಾಡದ್ದು. ಬ್ರಿಟಿಶ ಹದ್ದಿನ ಕಾಯಿದೆಯು ಸಂಸ್ಥಾನದ ಹದ್ದಿನಲ್ಲಿ ತಾನಾಗಿ ನಡೆಯುತ್ತಿರಲಿಲ್ಲ. ಅಲ್ಲಿ ದೊರೆಯೇ ಬೇರೆ, ಕೋರ್ಟೇ ಬೇರೆ. ಸಂಸ್ಥಾನದ ಕೋರ್ಟಿನ ಹುಕುಮನಾಮೆಯನ್ನು ಈಚೆ ಜಾರಿಮಾಡಬೇಕಾದರೆ ಸರಕಾರದ ವಿಶೇಷ ಪ್ರಕಟಣೆಯು ಬೇಕಾಗುತ್ತಿತ್ತು. ದಖ್ಖನ್ನಿನ ಸಂಸ್ಥಾನಗಳು ೧೯೪೮ರ ಮಾರ್ಚಿನಲ್ಲಿಯೂ ಕೊಲ್ಲಾಪುರವು ೧೯೪೯ರ ಮಾರ್ಚಿನಲ್ಲಿಯೂ ಮುಂಬಯಿಯಲ್ಲಿ ವಿಲೀನವಾದವು. ಏಳೆಂಟು ವರುಷಗಳ ಮಟ್ಟಿಗೆ ಎರಡೂ ದಂಡೆಗಳಿಗೆ ಒಂದೇ ಸರಕಾರ, ಒಂದೇ ಕಾಯಿದೆ. ೧೯೫೬ರ ನವೆಂಬರ ೧ಕ್ಕೆ ಬೆಳಗಾವಿ ಜಿಲ್ಹೆಯು ಮೈಸೂರು ರಾಜ್ಯಕ್ಕೆ ಬಂದ ಮೇಲೆ ಹೊಳೆಯು ಪುನಃ ಗೆರೆಯಾಯಿತು.

ಇಂದು ಆಚೆಯ ದಂಡೆಯು ಪರರಾಜ್ಯವಾದರೂ ಪರದೇಶವಲ್ಲ. ಆದರೆ ಸಾಲ ಕೊಟ್ಟ ಸಂಸ್ಥೆಯನ್ನು ಕೇಳುವವರು ಯಾರೆಂದು ಹುಡುಕಹೊರಟ ಗೃಹಸ್ಥನಿಗೆ ಅದು ಪರದೇಶಕ್ಕಿಂತ ಹತ್ತಿರವೆಂದು ತೋರಲಿಕ್ಕಿಲ್ಲ. ಕರ್ನಾಟಕದ ಸಹಕಾರಿ ಸಂಘವಾದರೆ ೧೯೫೯ರ ಕಾಯಿದೆ, ಸೌಹಾರ್ದವಾದರೆ ೧೯೯೭ರದು, ಮಹಾರಾಷ್ಟ್ರದಲ್ಲಿ ನೋಂದಾಯಿಸಿದ್ದಾದರೆ ಆ ರಾಜ್ಯದ ೧೯೬೦ರ ಕಾಯಿದೆ, ಅದರ ರಜಿಸ್ಟ್ರಾರರು ಪುಣೆಯಲ್ಲಿ, ಎರಡು ರಾಜ್ಯಗಳಲ್ಲಿ ಸದಸ್ಯರಿರುವ ಬಹುರಾಜ್ಯ ಸಂಸ್ಥೆಯಾದರೆ ೨೦೦೨ರ ಕಾಯಿದೆ, ಅದರ ರಜಿಸ್ಟ್ರಾರರು ದಿಲ್ಲಿಯಲ್ಲಿ. ೧೯೬೬ರ ಮಾರ್ಚ ೧ರಿಂದ ಸಹಕಾರಿ ಬ್ಯಾಂಕುಗಳ ಬ್ಯಾಂಕಿಂಗ್ ವ್ಯವಹಾರದ ಮೇಲೆ ರಿಝರ್ವ ಬ್ಯಾಂಕಿನ ಕಣ್ಣೂ ಇದೆ. ಅಲ್ಲಿಯೂ ಒಂದು ಬಲೆಯಿದೆ. ಬ್ಯಾಂಕೆಂಬ ಲಾಯಸೆನ್ಸು ಇಲ್ಲದ ಪತ್ತಿನ ಸಂಘಗಳು, ಅಂದರೆ ಆಚೆಯವರು ಪತಸಂಸ್ಥೆ ಎನ್ನುವವು, ಹೊರಗಿನ ನೋಟಕ್ಕೆ ಬ್ಯಾಂಕುಗಳೇ. ಅದೇ ಗಾಜಿನ ಬಾಗಿಲು, ಅದೇ ಪಾಸಬುಕ್ಕು, ಗೋಡೆಯ ಮೇಲೆ ಅದೇ ಲಕ್ಷ್ಮಿಯ ಪಟ. ಅವುಗಳ ಮೇಲೆ ರಿಝರ್ವ ಬ್ಯಾಂಕಿನ ಅಧಿಕಾರವು ನಡೆಯುವದಿಲ್ಲ. ಅಲ್ಲಿಯ ಠೇವಿಗೆ ವಿಮೆಯೂ ಇಲ್ಲ. ಸಾಲಕ್ಕೆ ಹೋದವನು ಬಡ್ಡಿಯ ದರವನ್ನು ಕೇಳುತ್ತಾನೆ, ಇದನ್ನು ಕೇಳುವದು ವಿರಳ.

ಈ ಊರಿನ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಮಹಾಪೂರದ ಮರುವರುಷ ಬಿದ್ದ ಗೋಡೆಯನ್ನು ಕಟ್ಟಿಸಲು ಹೊಳೆಯಾಚೆಯ ಪಟ್ಟಣದ ಬ್ಯಾಂಕಿನಿಂದ ಮನೆಯ ಸಾಲವನ್ನು ತೆಗೆದಿದ್ದಾನೆ. ಕಬ್ಬಿನ ಬಿಲ್ಲು ಬಂದಾಗೊಮ್ಮೆ ಕಟ್ಟುತ್ತ ಬಂದು ಕಡೆಯ ಕಂತನ್ನೂ ತೀರಿಸಿದ್ದಾನೆ. ಕಾಗದಗಳನ್ನು ಕೇಳಹೋದರೆ ಶಾಖೆಯ ಕಾರಕೂನನು ಮರ್ಯಾದೆಯಿಂದಲೇ ಹೇಳುತ್ತಾನೆ: “ಕಾಕಾ, ಕಾಗದಾ ಹೆಡ್ ಆಫೀಸಿನ್ಯಾಗ ಅದಾವ್ರಿ. ಬರೂ ವಾರ ಬರ್ರಿ.” ಬರುವ ವಾರಕ್ಕೆ ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ. ಅದರ ಮುಂದಿನ ವಾರಕ್ಕೆ, ಹಳೆಯ ದಂಡಬಡ್ಡಿಯ ಬಾಬತ್ತು ಇಷ್ಟು ಬಾಕಿಯಿದೆ ಎಂಬ ಹೊಸ ಮಾತು ಹೊರಡುತ್ತದೆ. ಮೂರನೆಯ ಸಲ ಅವನೊಂದಿಗೆ ಮಗನೂ ಹೋಗುತ್ತಾನೆ. “ಅಪ್ಪಾ, ನೀ ಸುಮ್ನ ಕೂಡು, ನಾ ಕೇಳ್ತೀನಿ” ಎಂದು ಅವನು ದನಿ ಏರಿಸಿದರೆ ತಂದೆಗೆ ನಾಚಿಕೆ. ಹತ್ತು ವರುಷ ನಮಸ್ಕಾರ ಮಾಡಿದ ಕಡೆಗೆ ಜಗಳ ಬೇಡವೆಂದು ಅವನ ಮನಸ್ಸು. ಇಂಥ ಸಂಕೋಚವೇ ತಪ್ಪು ಲೆಕ್ಕಕ್ಕೆ ದೊಡ್ಡ ಆಶ್ರಯವಾಗಿರುತ್ತದೆ. ಅಷ್ಟರಲ್ಲಿ ಮಗಳ ಮದುವೆಗೆಂದು ಮನೆಯ ಒಂದು ಭಾಗವನ್ನು ಮಾರುವ ಮಾತಾಗಿದ್ದರೆ, ಕೊಳ್ಳುವವನು ಮೂಲಪತ್ರವನ್ನು ನೋಡದೆ ಸಂಚಕಾರ ಕೊಡಲಾರನು.

ಆ ತಂದೆಮಕ್ಕಳ ಪಕ್ಷದಲ್ಲಿ ಕಾಯಿದೆಯಿದೆ. ೧೮೮೨ರ ಕಾಯಿದೆಯ ೬೦ನೆಯ ಕಲಮಿನಂತೆ ಸಾಲವನ್ನು ಸಂದಾಯಮಾಡಿದವನಿಗೆ ಗಹಾಣಪತ್ರವನ್ನೂ ಆಸ್ತಿಯ ಕಾಗದಗಳನ್ನೂ ಮರಳಿ ಕೊಡಲೇಬೇಕು. ಗಹಾಣವು ಯಾವಾಗಲೂ ಗಹಾಣವೇ. ಬಿಡಿಸಿಕೊಳ್ಳುವ ಹಕ್ಕನ್ನು ಕರಾರಿನ ಜಾಣತನದಿಂದ ಅಳಿಸಲಾಗದು. ಬ್ಯಾಂಕು ಹೇಳುವ ಬಾಕಿಯನ್ನು ಒಪ್ಪದವನು ತನ್ನ ಲೆಕ್ಕದಂತೆ ಸಲ್ಲತಕ್ಕ ಹಣವನ್ನು ಕೋರ್ಟಿನಲ್ಲಿ ಇಡುವದಕ್ಕೂ ಅದೇ ಕಾಯಿದೆಯಲ್ಲಿ ಹಾದಿಯಿದೆ. ಸರಿಯಾದ ಮೊತ್ತವನ್ನು ಇಟ್ಟವನ ಮೇಲೆ ಬಡ್ಡಿಯು ಮುಂದೆ ಓಡುವದಿಲ್ಲ. ದಾವೆಯನ್ನು ಬ್ಯಾಂಕಿನ ಊರಿಗೆ ಹೋಗಿ ಹೂಡಬೇಕೆಂಬ ಭಯವೂ ಬೇಡ. ಗಹಾಣ ಬಿಡಿಸುವ ದಾವೆಯು ಆಸ್ತಿಯಿದ್ದ ಸ್ಥಳದ ಕೋರ್ಟಿನಲ್ಲಿ ನಡೆಯತಕ್ಕದ್ದೆಂದು ದಿವಾಣಿ ಸಂಹಿತೆಯ ೧೬ನೆಯ ಕಲಮು ಹೇಳುತ್ತದೆ. ಹೊಲಮನೆಗಳು ಹೊಳೆ ದಾಟಲಾರವೆಂಬ ಮಾತು ಇಲ್ಲಿ ಸಾಲಗಾರನ ಉಪಯೋಗಕ್ಕೆ ಬೀಳುತ್ತದೆ.

ಆದರೆ ದಿವಾಣಿ ದಾವೆಯ ಆಯುಷ್ಯವನ್ನು ಬಲ್ಲವರು ಆ ಬಾಗಿಲನ್ನು ತಟ್ಟಲು ಹಿಂದೆಮುಂದೆ ನೋಡುವರು. ೨೦೨೩ರ ಸೆಪ್ಟೆಂಬರ ೧೩ರಂದು ರಿಝರ್ವ ಬ್ಯಾಂಕು ಹೊರಡಿಸಿದ ಸೂಚನೆಯು ಇದಕ್ಕಿಂತ ಹತ್ತಿರದ ಹಾದಿಯಾಗಿದೆ. ಅದರಂತೆ ಸಾಲವು ಪೂರ್ಣ ತೀರಿದ ೩೦ ದಿನಗಳೊಳಗೆ ಮೂಲಕಾಗದಗಳನ್ನು ಮರಳಿಸಿ, ನೋಂದಾಯಿಸಿದ ಬೋಜಾವನ್ನೂ ತೆಗೆಯಿಸಬೇಕು. ತನ್ನ ತಪ್ಪಿನಿಂದ ತಡಮಾಡಿದ ಬ್ಯಾಂಕು ದಿನಕ್ಕೆ ೫,೦೦೦ ರೂಪಾಯಿಯಂತೆ ಸಾಲಗಾರನಿಗೆ ಪರಿಹಾರವನ್ನು ಕೊಡಬೇಕು. ಕಾಗದವನ್ನು ಕಳೆದಿದ್ದರೆ ನಕಲನ್ನು ಪಡೆಯಲು ನೆರವಾಗಿ ಅದರ ವೆಚ್ಚವನ್ನೂ ಬ್ಯಾಂಕೇ ಹೊರಬೇಕು. ಅದಕ್ಕಾಗಿ ಇನ್ನೂ ೩೦ ದಿನಗಳ ಅವಕಾಶವಿದೆ. ಸಹಕಾರಿ ಬ್ಯಾಂಕುಗಳೂ ಇದಕ್ಕೆ ಬದ್ಧವಾಗಿವೆ. ೨೦೨೩ರ ಡಿಸೆಂಬರ ೧ರಿಂದ ಮುಂದಿನ ಪ್ರಕರಣಗಳಿಗೆ ಇದು ಅನ್ವಯಿಸುತ್ತದೆ. ‘ಬರೂ ವಾರ ಬರ್ರಿ’ ಎಂಬ ಮಾತಿಗೆ ಹೀಗೆ ಮೊದಲ ಬಾರಿಗೆ ಒಂದು ಬೆಲೆಯನ್ನು ಕಟ್ಟಲಾಯಿತು. ವಾರಕ್ಕೆ ೩೫,೦೦೦ ರೂಪಾಯಿ. ಇಷ್ಟಾದರೂ ಒಂದು ಕೊರತೆಯುಂಟು. ಈ ಸೂಚನೆಯು ವೈಯಕ್ತಿಕ ಸಾಲಗಳಿಗೆ ಮಾತ್ರ. ಮನೆಯ ಸಾಲವು ಅದರಲ್ಲಿ ಸೇರುವದು. ಕಬ್ಬಿನ ಬೆಳೆಗೆ, ಬಾವಿಗೆ, ಪೈಪಲೈನಿಗೆ ಎತ್ತಿದ ಸಾಲವು ಸೇರದು. ಒಕ್ಕಲಿಗನ ಊರಿನಲ್ಲಿ ಒಕ್ಕಲುತನದ ಸಾಲವನ್ನೇ ಹೊರಗಿಟ್ಟ ನಿಯಮವು ಅರ್ಧ ನಿಯಮವೇ ಸರಿ.

ಶಾಖೆಯವರು ಜವಾಬು ಕೊಡದಿದ್ದಾಗ ಹೋಗತಕ್ಕ ಸ್ಥಳವೆಂದರೆ ರಿಝರ್ವ ಬ್ಯಾಂಕಿನ ಓಂಬುಡ್ಸಮನ್ನರು. ೨೦೨೧ರ ನವೆಂಬರದಲ್ಲಿ ಆರಂಭವಾದ ಒಂದುಗೂಡಿದ ಯೋಜನೆಯಲ್ಲಿ ವಕೀಲನೂ ಬೇಡ, ಕೋರ್ಟಿನ ಶುಲ್ಕವೂ ಬೇಡ. ಮೊದಲು ಬ್ಯಾಂಕಿಗೆ ಬರೆದು ೩೦ ದಿನ ಕಾಯಬೇಕು, ಆಮೇಲೆ ಚಂಡೀಗಡದ ಕೇಂದ್ರಕ್ಕೆ ಅಂಚೆಯಿಂದಲೂ ದೂರನ್ನು ಕಳಿಸಬಹುದು. ೫೦ ಕೋಟಿಗಿಂತ ಕಡಿಮೆ ಠೇವಿನ ಸಣ್ಣ ಪಟ್ಟಣ ಬ್ಯಾಂಕುಗಳನ್ನು ಆ ಯೋಜನೆಯು ಹೊರಗಿಟ್ಟಿತ್ತು. ಬಹುರಾಜ್ಯ ಸಂಘಗಳಿಗಾಗಿ ೨೦೨೩ರ ತಿದ್ದುಪಡಿಯು ಬೇರೊಬ್ಬ ಓಂಬುಡ್ಸಮನ್ನರನ್ನು ನಿರ್ಮಿಸಿದೆ. ಇದೆಲ್ಲದರಲ್ಲಿ ಮೂಲಮಂತ್ರವು ಒಂದೇ: ಬಾಯಿಮಾತು ಬೇಡ, ಬರೆದು ಕೊಟ್ಟು ಪೋಚ ಪಡೆಯಬೇಕು.

ಇದು ಸಾಲಗಾರನು ಕೇಳುವ ಬಗೆಯಾಯಿತು. ಬ್ಯಾಂಕು ಕೇಳುವಾಗಿನ ವೇಗವು ಬೇರೆ. ಮಹಾರಾಷ್ಟ್ರದ ಸಹಕಾರಿ ಕಾಯಿದೆಯ ೧೦೧ನೆಯ ಕಲಮಿನಂತೆ ಆ ಸಂಸ್ಥೆಯು ರಜಿಸ್ಟ್ರಾರರಿಂದ ವಸೂಲಿಯ ಪ್ರಮಾಣಪತ್ರವನ್ನು ಪಡೆದರೆ, ಆ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಕಂದಾಯದ ಬಾಕಿಯು ಹೊಳೆಯನ್ನು ದಾಟಬಲ್ಲದು; ಅದಕ್ಕಾಗಿಯೇ ೧೮೯೦ರ ಕಂದಾಯ ವಸೂಲಿ ಕಾಯಿದೆಯಿದೆ. ಒಂದು ಜಿಲ್ಹೆಯ ಕಲೆಕ್ಟರರು ಇನ್ನೊಂದು ಜಿಲ್ಹೆಯ ಕಲೆಕ್ಟರರಿಗೆ ಒಂದು ಪತ್ರವನ್ನು ಕಳಿಸಿದರೆ ಸಾಕು. ‘ಈ ಬಾಕಿಯು ನನ್ನದಲ್ಲ’ ಎನ್ನುವವನು ಏನು ಮಾಡಬೇಕು? ಪ್ರತಿಭಟನೆಯನ್ನು ಬರೆದುಕೊಟ್ಟು ಮೊದಲು ಹಣವನ್ನು ತುಂಬಬೇಕು. ಆಮೇಲೆ ಅದನ್ನು ಮರಳಿ ಕೇಳುವ ದಾವೆಯನ್ನು ಪ್ರಮಾಣಪತ್ರ ಕಳಿಸಿದ ಕಲೆಕ್ಟರರ ಕಚೇರಿಯಿರುವ ಕಡೆ ಹೂಡಬೇಕು. ಅಂದರೆ ಕೊಲ್ಲಾಪುರದ ಪತ್ರವಾದರೆ ಕೊಲ್ಲಾಪುರದಲ್ಲಿ. ಗಹಾಣ ಬಿಡಿಸಲು ತನ್ನೂರ ಕೋರ್ಟು, ತಪ್ಪು ವಸೂಲಿಯನ್ನು ಪ್ರಶ್ನಿಸಲು ಪರರ ಊರ ಕೋರ್ಟು! ರಾಣಿಯ ಆಳಿಕೆಯಲ್ಲಿ ಕಂದಾಯಕ್ಕಾಗಿ ಹೆಣೆದ ಈ ಜಾಲದಲ್ಲಿ ಇಂದು ಸಹಕಾರಿ ಸಾಲಗಾರನು ಬೀಳುವನೆಂದು ಅದನ್ನು ಹೆಣೆದವರು ನೆನೆಸಿರಲಾರರು.

ಇದಕ್ಕೂ ಹರಿತವಾದ ಆಯುಧವು ೨೦೦೨ರ ಸರಫೇಸಿ ಕಾಯಿದೆ. ಕೋರ್ಟಿನ ಹುಕುಮನಾಮೆಯಿಲ್ಲದೆ, ೬೦ ದಿನಗಳ ನೋಟಿಸು ಕೊಟ್ಟು, ಗಹಾಣದ ಆಸ್ತಿಯನ್ನು ಬ್ಯಾಂಕೇ ಕಬ್ಜೆಗೆ ತೆಗೆದುಕೊಳ್ಳುವ ಅಧಿಕಾರವು ಅದರಲ್ಲಿದೆ. ಸಹಕಾರಿ ಬ್ಯಾಂಕುಗಳು ಇದನ್ನು ಬಳಸಬಹುದೇ ಎಂಬ ವಾದವು ವರುಷಗಟ್ಟಲೆ ನಡೆದು, ಕಡೆಗೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದಿತು. ಇಡಿಯ ದೇಶಕ್ಕೆ ಅನ್ವಯಿಸುವ ಆ ನಿರ್ಣಯಕ್ಕೆ ಕಾರಣವಾದ ಬ್ಯಾಂಕು ಮುಂಬಯಿಯದೂ ಅಲ್ಲ, ದಿಲ್ಲಿಯದೂ ಅಲ್ಲ. ನಿಪ್ಪಾಣಿಯ ನೆರೆಯಲ್ಲಿ, ಕಾಗಲ ತಾಲೂಕಿನಲ್ಲಿರುವ ಮುರಗೂಡದ ವಿಶ್ವಾಸರಾವ ಪಾಟೀಲ ಸಹಕಾರಿ ಬ್ಯಾಂಕು. ನ್ಯಾಯಮೂರ್ತಿ ಅರುಣ ಮಿಶ್ರಾ ಅವರ ನೇತೃತ್ವದ ಪೀಠವು ೨೦೨೦ರ ಮೇ ೫ರಂದು ರಾಜ್ಯದ ಸಹಕಾರಿ ಬ್ಯಾಂಕುಗಳೂ ಬಹುರಾಜ್ಯ ಸಹಕಾರಿ ಬ್ಯಾಂಕುಗಳೂ ಆ ಕಾಯಿದೆಯ ಅರ್ಥದಲ್ಲಿ ಬ್ಯಾಂಕುಗಳೇ ಎಂದು ತೀರ್ಪಿತ್ತಿತು. ಬ್ಯಾಂಕುಗಳಿಗೆ ಇದು ಗೆಲುವು. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು: ಆ ಕಾಯಿದೆಯ ಆಯುಧವನ್ನು ಹಿಡಿದವನು ಅದರ ಕಟ್ಟುಗಳಿಗೂ ಒಳಪಡುವನು.

ಆ ಕಟ್ಟುಗಳು ಕ್ಷುಲ್ಲಕವಲ್ಲ. ಸಾಲಗಾರನು ನೋಟಿಸಿಗೆ ಆಕ್ಷೇಪವನ್ನು ಬರೆದರೆ ೧೫ ದಿನಗಳೊಳಗೆ ಕಾರಣಸಹಿತ ಉತ್ತರವನ್ನು ಕೊಡಬೇಕು; ೨೦೦೪ರ ಮಾರ್ಡಿಯಾ ಕೆಮಿಕಲ್ಸ ತೀರ್ಪಿನ ತರುವಾಯ ಸೇರಿದ ನಿಯಮವಿದು. ಒಕ್ಕಲುತನದ ಜಮೀನಿನ ಮೇಲೆ ಆ ಕಾಯಿದೆಯು ನಡೆಯುವದಿಲ್ಲ. ಆದರೆ ಉತಾರದಲ್ಲಿ ಹೊಲವೆಂದು ಬರೆದಿದ್ದರಷ್ಟೇ ಸಾಲದು, ಅದು ನಿಜವಾಗಿಯೂ ಸಾಗುವಳಿಯ ಭೂಮಿಯೆಂದು ತೋರಿಸುವ ಹೊಣೆಯು ಸಾಲಗಾರನದೆಂದು ೨೦೨೩ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಬ್ಜೆಯನ್ನು ಪ್ರಶ್ನಿಸುವ ಅರ್ಜಿಗೆ ೪೫ ದಿನಗಳ ಅವಧಿಯಿದೆ. ೨೦೧೬ರ ತಿದ್ದುಪಡಿಯಂತೆ ಆಸ್ತಿಯಿದ್ದ ಕಡೆಯ ಸಾಲವಸೂಲಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಜುಗೂಳದವನಿಗೆ ಅದು ಬೆಂಗಳೂರಿನಲ್ಲಿ, ಐದುನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ತನ್ನ ರಾಜ್ಯದ ನ್ಯಾಯಕ್ಕಿಂತ ಪರರಾಜ್ಯದ ಬ್ಯಾಂಕು ಎಷ್ಟೋ ಸಮೀಪ! ಇದೇ ತಿದ್ದುಪಡಿಯು ಬಿಡಿಸಿಕೊಳ್ಳುವ ಹಕ್ಕಿನ ಮೇರೆಯನ್ನೂ ಹಿಂದಕ್ಕೆ ಎಳೆಯಿತು. ಲಿಲಾವಿನ ನೋಟಿಸು ಪ್ರಕಟವಾಗುವ ಮೊದಲೇ ಹಣವನ್ನು ಕಟ್ಟಿದರುಂಟು, ಆಮೇಲೆ ಇಲ್ಲ.

ಸಾಲ ಕೊಟ್ಟವನನ್ನು ಲೆಕ್ಕ ಕೇಳುವ ತೊಂದರೆಯು ಈ ಹೊಳೆಯ ದಂಡೆಯದಷ್ಟೇ ಅಲ್ಲ. ಐರ್ಲೆಂಡಿನಲ್ಲಿ ಮನೆಯ ಗಹಾಣದ ಬಡ್ಡಿಯು ಯೂರೋಪಿನ ಕೇಂದ್ರ ಬ್ಯಾಂಕಿನ ದರದೊಡನೆ ಏರಿಳಿಯಬೇಕೆಂಬ ಕರಾರು ಬಹಳ ಜನಕ್ಕಿತ್ತು. ೨೦೦೮ರ ತರುವಾಯ ಆ ದರವು ಕೆಳಗಿಳಿದಾಗ ಅನೇಕರಿಗೆ ಬ್ಯಾಂಕುಗಳು ಆ ಲಾಭವನ್ನು ಕೊಡಲಿಲ್ಲ. ಜನರು ಒಬ್ಬೊಬ್ಬರಾಗಿ ಕೇಳಿದಾಗ ಸಿಕ್ಕ ಉತ್ತರವು ಜುಗೂಳದ ಗೃಹಸ್ಥನಿಗೆ ಸಿಕ್ಕದ್ದಕ್ಕಿಂತ ಬಹಳ ಬೇರೆಯಾಗಿರಲಿಕ್ಕಿಲ್ಲ. ೨೦೧೫ರ ಕೊನೆಗೆ ಆ ದೇಶದ ಕೇಂದ್ರ ಬ್ಯಾಂಕು ಎಲ್ಲ ಬ್ಯಾಂಕುಗಳ ಲೆಕ್ಕವನ್ನು ಒಟ್ಟಿಗೆ ತೆಗೆಯಿಸಿತು. ೪೦,೦೦೦ಕ್ಕೂ ಮಿಕ್ಕ ಗಿರಾಕಿಗಳಿಗೆ ಅನ್ಯಾಯವಾದದ್ದು ಹೊರಬಿದ್ದಿತು. ಕೆಲವರು ಮನೆಯನ್ನೇ ಕಳೆದುಕೊಂಡಿದ್ದರು. ೭೦ ಕೋಟಿ ಯೂರೋಗಳಿಗೂ ಹೆಚ್ಚು ಹಣವನ್ನು ಬ್ಯಾಂಕುಗಳು ಮರಳಿಸಬೇಕಾಯಿತು. ಬೆಲ್ಜಿಯಮ್ಮಿನ ಒಡೆತನದ ಕೇಬೀಸೀ ಬ್ಯಾಂಕಿಗೆ ೨೦೨೦ರಲ್ಲಿಯೂ, ಬ್ರಿಟನ್ನಿನ ಒಡೆತನದ ಅಲ್ಸ್ಟರ್ ಬ್ಯಾಂಕಿಗೆ ೨೦೨೧ರಲ್ಲಿಯೂ ಕೋಟಿಗಟ್ಟಲೆ ದಂಡ ಬಿದ್ದಿತು. ಒಡೆಯನು ಯಾವ ದೇಶದವನೆಂಬುದು ಅಡ್ಡ ಬರಲಿಲ್ಲ. ಮನೆಯಿದ್ದ ನೆಲದ ಅಧಿಕಾರವು ಲೆಕ್ಕವನ್ನು ಕೇಳಿತು. ೧೮೭೯ರ ಕಾಯಿದೆಯು ಮಾಡಹೊರಟದ್ದೂ ಅದನ್ನೇ. ಆ ಎರಡು ಬ್ಯಾಂಕುಗಳೂ ೨೦೨೧ರಲ್ಲಿ ಐರ್ಲೆಂಡನ್ನು ಬಿಟ್ಟು ಹೋಗುವದಾಗಿ ಸಾರಿದವು. ಗಹಾಣಗಳು ಹೋಗಲಾರವಷ್ಟೆ, ಅವು ಬೇರೆ ಒಡೆಯರ ಕೈಗೆ ಬಂದವು.

ಇತ್ತ, ಊಹಿಸಿಕೊಂಡ ಆ ಗೃಹಸ್ಥನು ಕಡೆಗೆ ಮಗನ ಕೈಯಿಂದ ಅರ್ಜಿಯನ್ನು ಬರೆಯಿಸಿದನೆಂದೇ ಇರಲಿ. ಅದರಲ್ಲಿ ಬೈಗುಳಿಲ್ಲ, ದೈನ್ಯವೂ ಇಲ್ಲ. ಸಾಲದ ನಂಬರು, ಕಡೆಯ ಕಂತನ್ನು ತುಂಬಿದ ತಾರೀಖು, ಮೂಲಪತ್ರದ ನೋಂದಣಿಯ ನಂಬರು, ದಂಡಬಡ್ಡಿಯನ್ನು ಯಾವ ದಿನದಿಂದ ಯಾವ ದರದಂತೆ ಹಿಡಿಯಲಾಯಿತೆಂಬ ಲೆಕ್ಕದ ಬೇಡಿಕೆ, ೩೦ ದಿನಗಳ ಗಡುವು. ಶಾಖೆಯ ಟಪಾಲು ಪುಸ್ತಕದಲ್ಲಿ ಅದರ ನೊಂದಣಿಯಾಗಿ ಪೋಚಿನ ಮೇಲೆ ಗೋಲು ಮುದ್ರೆ ಬಿದ್ದಿದೆ. ಕಾಗದಗಳು ಕೈಗೆ ಬಂದರೂ ಕೆಲಸವು ಅಲ್ಲಿಗೆ ತೀರುವದಿಲ್ಲ. ಪ್ರತಿಯೊಂದು ಪುಟವನ್ನೂ ಒಪ್ಪಿಸಿದ ದಿನದ ಯಾದಿಯೊಡನೆ ತಾಳೆನೋಡಬೇಕು. ಸಾಲ ತೀರಿತೆಂಬ ದಾಖಲೆಯನ್ನು ಸಬ್ ರಜಿಸ್ಟ್ರಾರರ ಕಚೇರಿಗೆ ಒಯ್ಯಬೇಕು. ಉತಾರದಲ್ಲಿಯ ಬೋಜಾ ಕಮ್ಮಿಯಾಯಿತೋ ಇಲ್ಲವೋ ಎಂದು ಹೊಸ ಉತಾರ ತೆಗೆಸಿ ನೋಡಬೇಕು. ಆಮೇಲೆ ಆ ಮೂಲಪತ್ರವನ್ನು ಮನೆಯಲ್ಲಿ ಎಲ್ಲಿ ಇಡುವದೆಂಬ ಪ್ರಶ್ನೆ. ಈ ದಂಡೆಯಲ್ಲಿ ಅದನ್ನು ೨೦೧೯ರ ನೀರಿನ ಗುರುತಿಗಿಂತ ಮೇಲೆಯೇ ಇಡಬೇಕು.